ಏಳನೆಯ ವಾರ

ಹಾರ್ಮ್ ಶೌಚಾಲಯದೊಳಗೆ ಹೋಗಿ ಆರು ನಿಮಿಷವಾಗಿತ್ತು. ನೀರು ಬಿಟ್ಟ ಸದ್ದಿಲ್ಲ.

ಫೆನ್ನಾ ಅಡುಗೆಮನೆಯ ಗಡಿಯಾರವನ್ನೇ ನೋಡುತ್ತ ನಿಂತಳು. ಅವನ ಮನೆ ಇದ್ದದ್ದು ಎರಡು ಬಾಗಿಲು ಆಚೆಗೆ. ಕುಡಿದದ್ದು ಒಂದೇ ಕಪ್ ಕಾಫಿ.

ಕರೆದವಳು ಅವಳೇ. ಜ್ವೋಲೆ ಪಟ್ಟಣದಿಂದ ಗಂಡ ಲುಬ್ಬರ್ಟ್ ಜೊತೆ ಆಪಿಂಗೆದಾಮ್‌ನ ಈ ಕಾಲುವೆ ಬೀದಿಗೆ ಬಂದು ಮೂರು ವರ್ಷವಾಗಿತ್ತು. ಬಂದ ಮರುವರ್ಷ ಮಾರ್ಚಿನಲ್ಲಿ ಲುಬ್ಬರ್ಟ್ ತೀರಿಕೊಂಡ. ಬೀದಿಯವರು ಎದುರಾದರೆ ‘ಮೊಯ್’ ಎಂದು ನಮಸ್ಕಾರ ಹೇಳುತ್ತಿದ್ದರು. ಅದರಾಚೆಗೆ ಮಾತು ಬೆಳೆದಿರಲಿಲ್ಲ. ಕೊನೆಗೆ ಗ್ರಂಥಾಲಯದಿಂದ ಒಂದು ಪುಸ್ತಕ ತಂದಳು. ಹತ್ತು ವಾರಗಳಲ್ಲಿ ಬದುಕನ್ನು ತಿದ್ದಿಕೊಳ್ಳುವ ಬಗೆ, ವಾರಕ್ಕೊಂದು ಅಭ್ಯಾಸ. ಮೂರನೆಯ ವಾರ: ಪರಿಚಯವಿಲ್ಲದ ನೆರೆಯವರೊಬ್ಬರನ್ನು ಕಾಫಿಗೆ ಕರೆಯಿರಿ.

ಒಂಟಿ ಎಂಬ ಕಾರಣಕ್ಕೇ ಹಾರ್ಮ್‌ನನ್ನು ಕರೆದಿದ್ದಳು. ಮೂವತ್ತೆಂಟು ವರ್ಷ ಹಡಗುಕಟ್ಟೆಯಲ್ಲಿ ಹಡಗುಗಳ ಮೇಲೆ ಹೆಸರು ಬರೆದವನು. ತನ್ನ ಬಾಗಿಲ ಫಲಕವನ್ನೂ ಕಾಲುವೆಯ ಆಚೆ ದಡದಿಂದ ಓದಲಾಗುವಂತೆ ನೆಟ್ಟನೆಯ ಅಕ್ಷರಗಳಲ್ಲಿ ಬರೆದುಕೊಂಡಿದ್ದ.

ಮೇಜಿನ ಮೇಲಿದ್ದ ಪುಸ್ತಕವನ್ನು ಅವನು ತಿರುಗಿಸಿ ನೋಡಿದ್ದ.

“ಎಷ್ಟನೇ ವಾರ?”

“ಮೂರು.”

“ಏಳನೇದು ಕಷ್ಟ,” ಎಂದವನು ಬಿಸ್ಕತ್ತು ಮುಗಿಸಿ, ಟಾಯ್ಲೆಟ್ಟಿಗೆ ಹೋಗಬಹುದೇ ಎಂದು ಕೇಳಿದ್ದ.

ಅವನು ಹೊರಟ ಮೇಲೆ ಫೆನ್ನಾ ಒಳಗೆ ಹೋಗಿ ನೋಡಿದಳು. ಸೋಪು, ಟವೆಲ್ಲು, ಮೇಣದಬತ್ತಿ, ಎಲ್ಲ ಇದ್ದಲ್ಲೇ ಇದ್ದವು. ಎದುರು ಗೋಡೆಯ, ವರ್ಷವರ್ಷವೂ ಅದೇ ನಡೆಯುವ ಹುಟ್ಟುಹಬ್ಬದ ಕ್ಯಾಲೆಂಡರು ಮಾತ್ರ ವಾಲಿತ್ತು. ಊರಿನ ಎಲ್ಲ ಮನೆಗಳಂತೆ ಇಲ್ಲೂ ಕೂತವರ ಕಣ್ಣಿಗೆ ನೇರವಾಗಿ ಬೀಳುವಂತೆ ಅದನ್ನು ತೂಗುಹಾಕಿತ್ತು. ಮನೆಯವರ, ನೆಂಟರಿಷ್ಟರ ಹೆಸರು, ಹುಟ್ಟಿದ ಇಸವಿ ಎಲ್ಲ ಲುಬ್ಬರ್ಟ್ ಬರೆದದ್ದು. ಅವನು ಹೋದಂದಿನಿಂದ ಅದು ಮಾರ್ಚಿನಲ್ಲೇ ನಿಂತಿತ್ತು. ಇನ್ನೂ ಸೆಪ್ಟೆಂಬರ್; ಅದು ಈಗ ನವೆಂಬರ್ ತೋರಿಸುತ್ತಿತ್ತು.

ಅವಳು ಕ್ಯಾಲೆಂಡರನ್ನು ಎತ್ತಿ ನೋಡಿದಳು. ಮುಂಬಾಗಿಲ ಇನ್ನೊಂದು ಕೀಲಿಕೈ ನೇತುಬಿದ್ದಿದ್ದು ಅದೇ ಮೊಳೆಗೆ, ಅದರ ಹಿಂದೆ.

ಕೀಲಿಕೈ ಇತ್ತು. ಆದರೂ ಅದನ್ನು ತೆಗೆದು ಹಿಟ್ಟಿನ ಡಬ್ಬಿಯಲ್ಲಿಟ್ಟಳು.

ಹದಿನೈದು ದಿನ ಕಳೆದು, ಕಸದ ಡಬ್ಬ ಹೊರಗಿಡುವಾಗ ಎದುರುಮನೆಯ ರೊಲೀನಾ ಸಿಕ್ಕಳು. ಹಾರ್ಮ್ ಏಣಿ ವಾಪಸು ಕೊಡುವ ನೆಪದಲ್ಲಿ ಅವರ ಮನೆಗೂ ಬಂದು ಟಾಯ್ಲೆಟ್ಟು ಕೇಳಿದ್ದನಂತೆ. ಅದಕ್ಕೆ ಮುಂಚೆ ಇನ್ನೂ ನಾಲ್ಕು ಮನೆಗಳಲ್ಲಿ.

“ಅರವತ್ತು ದಾಟಿದ ಗಂಡಸರ ನಲ್ಲಿ ಸೋರುತ್ತೆ ಕಣ್ರೀ,” ಎಂದು ರೊಲೀನಾ ನಕ್ಕಳು.

ಫೆನ್ನಾ ಕೀಲಿಕೈಯ ವಿಷಯ ಹೇಳಿದಳು. ರೊಲೀನಾ ನಗು ನಿಲ್ಲಿಸಿದಳು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು.

ಬೀದಿಯ ಕೊನೆಯ ಮೂರು ಮನೆಗಳವರು ಹಾರ್ಮ್‌ನನ್ನು ಹೊಸ್ತಿಲಲ್ಲೇ ತಡೆದರು. “ನಿಮ್ಮನೆ ಇಲ್ಲೇ ಇದೆಯಲ್ಲಪ್ಪ, ಅಲ್ಲೇ ಹೋಗು,” ಎಂದು ಒಬ್ಬ ಹೇಳಿದ್ದು ಫೆನ್ನಾಳ ಕಿವಿಗೂ ಬಿತ್ತು. ಆಮೇಲೆ ಅವನು ಯಾರ ಮನೆಯ ಗಂಟೆಯನ್ನೂ ಒತ್ತಲಿಲ್ಲ. ಅವಳಿಗೆ ಸ್ವಲ್ಪ ಕೆಡುಕೆನಿಸಿತು. ಜಾಗ್ರತೆ ತಪ್ಪಲ್ಲ ಎಂದುಕೊಂಡಳು.

ಏಳನೆಯ ವಾರದ ಪುಟ ಚಿಕ್ಕದಿತ್ತು: ಒಬ್ಬರಿಗೆ ಒಂದು ಒಳ್ಳೆಯದು ಮಾಡಿ. ಮಾಡಿದವರು ನೀವೆಂದು ಅವರಿಗೆ ಎಂದೂ ತಿಳಿಯಬಾರದು. ಯಾರಿಗೆ ಮಾಡುವುದು? ಒಬ್ಬರ ಹೆಸರೂ ಹೊಳೆಯಲಿಲ್ಲ. ಪುಟ ಮಗುಚಿದಳು.

ಹತ್ತನೆಯ ವಾರ ಹೇಳುತ್ತಿತ್ತು: ಬಯಸಿದ್ದಕ್ಕೆ ಜಾಗ ಮಾಡಿಡಿ, ಬಾಯಿಬಿಟ್ಟು ಕೇಳಬೇಡಿ. ಆ ವಾರವೇ, ನವೆಂಬರ್ ಒಂಬತ್ತಕ್ಕೆ, ಅವಳಿಗೆ ಎಪ್ಪತ್ತು ತುಂಬುತ್ತಿತ್ತು. ಯಾರಿಗೂ ಹೇಳಲಿಲ್ಲ. ಅಂದು ಒಬ್ಬರೂ ಬಾರದಿದ್ದರೆ ಮನೆ ಮಾರಿ ಜ್ವೋಲೆಗೆ ಮರಳುವುದೆಂದು ತೀರ್ಮಾನಿಸಿದಳು. ದಲ್ಲಾಳಿಯ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಂಡಳು.

ತನ್ನದನ್ನೂ ಹಾರ್ಮ್‌ನದನ್ನೂ ಬಿಟ್ಟರೆ ಬೀದಿಯಲ್ಲಿ ಎಂಟು ಮನೆ. ಒಂಬತ್ತರ ಬೆಳಿಗ್ಗೆ ಎಂಟು ಕುರ್ಚಿಗಳನ್ನು ದುಂಡಗೆ ಜೋಡಿಸಿ, ಸೇಬಿನ ಕೇಕು ಕೊಯ್ದಿಟ್ಟು ಕೂತಳು. ಹತ್ತು ಹೊಡೆಯಿತು. ಹತ್ತೂಕಾಲಾಯಿತು. ದಲ್ಲಾಳಿಯ ಚೀಟಿ ಜೇಬಿನಲ್ಲೇ ಇತ್ತು.

ಹತ್ತೂವರೆಗೆ ಬಾಗಿಲ ಗಂಟೆ ಸದ್ದಾಯಿತು.

ರೊಲೀನಾ ಹೂದಾನಿ ಸಮೇತ ಹೂವು ಹಿಡಿದಿದ್ದಳು. ಹಿಂದೆ ಅವಳ ಗಂಡ ಯಾನ್ಸ್. ಅಭಿನಂದನೆ ಹೇಳಿ ಮೂರು ಸಲ ಕೆನ್ನೆಗೆ ಮುತ್ತಿಟ್ಟಳು. ಆಮೇಲೆ ಒಬ್ಬೊಬ್ಬರಾಗಿ ಮತ್ತೆ ನಾಲ್ಕು ಮನೆಯವರು ಬಂದರು. ಫೆನ್ನಾ ಎಲ್ಲರಿಗೂ ಕಾಫಿ ಬಗ್ಗಿಸಿದಳು.

“ನಿಮಗೆಲ್ಲ ಹೇಗೆ ಗೊತ್ತಾಯ್ತು?”

“ನಮ್ಮನೆ ಕ್ಯಾಲೆಂಡರಲ್ಲಿ ಇತ್ತಲ್ಲ,” ಎಂದಳು ರೊಲೀನಾ. “ನಮ್ಮ ಯಾನ್ಸ್ ಬರ್ದಿಟ್ಟಿದ್ದ. ಹೆತ್ತಮ್ಮನ ಹುಟ್ಟುಹಬ್ಬ ನೆನಪಿರಲ್ಲ ಪುಣ್ಯಾತ್ಮನಿಗೆ, ನಿಮ್ಮದು ನೋಡಿ.”

ಬಾಯಿ ತುಂಬ ಕೇಕಿಟ್ಟುಕೊಂಡು ನಿಂತಿದ್ದ ಯಾನ್ಸ್ ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಯಾರೂ ಗಮನಿಸಲಿಲ್ಲ.

ಕೊನೆಯ ಮೂರು ಮನೆಯವರು ಮಾತ್ರ ಬರಲಿಲ್ಲ. ಮೂರು ಕುರ್ಚಿಗಳ ಮೇಲೆ ಕೋಟುಗಳನ್ನು ಹಾಕಿದರು. ನಡುವೆ ಒಮ್ಮೆ ಹಾರ್ಮ್ ಕಿಟಕಿಯಾಚೆ ನಡೆದುಹೋದ. ಒಳಗೆ ಕಣ್ಣು ಹಾಯಿಸಿದ, ನಿಲ್ಲಲಿಲ್ಲ. ಫೆನ್ನಾ ಕೈಬೀಸಿ ಕರೆಯಲಿಲ್ಲ.

ಎಲ್ಲರೂ ಹೋದ ಮೇಲೆ ಚೀಟಿಯನ್ನು ಹರಿದು ಹಾಕಿದಳು. ಪುಸ್ತಕ ಸುಳ್ಳು ಹೇಳಿರಲಿಲ್ಲ.

ಮರುದಿನ ಹೂದಾನಿ ಹಿಂತಿರುಗಿಸಲು ರೊಲೀನಾಳ ಮನೆಗೆ ಹೋದಳು. ಕಾಫಿಯಾದ ಮೇಲೆ ಟಾಯ್ಲೆಟ್ಟು ಕೇಳಿದಳು. ಒಳಗೆ, ಎದುರು ಗೋಡೆಗೆ ಕ್ಯಾಲೆಂಡರು. ಉಳಿದ ಹೆಸರುಗಳೆಲ್ಲ ಕೋಳಿ ಕೆದರಿದಂತಿದ್ದವು.

ನವೆಂಬರ್ ಒಂಬತ್ತರ ಎದುರಿಗೆ ಮಾತ್ರ, ಕಾಲುವೆಯ ಆಚೆ ದಡದಿಂದಲೂ ಓದಬಹುದಾದ ನೆಟ್ಟನೆಯ ಅಕ್ಷರಗಳಲ್ಲಿ ಬರೆದಿತ್ತು: ಫೆನ್ನಾ, ಎಪ್ಪತ್ತು.