ಗಂಡಸರ ವ್ರತ

“ನಿಮ್ಮ ಮನಿಯವರು ಎಲ್ಲೂ ಕಾಣವಲ್ರು?” ಉಪ್ಪಿಟ್ಟಿನ ತಟ್ಟೆಗೆ ಕೈ ಹಚ್ಚದೆ ಗೋದಾಬಾಯಿ ಕೇಳಿದರು. ಮಗನಿಗೆ ಕನ್ಯೆ ನೋಡಲು ಹುಬ್ಬಳ್ಳಿಯಿಂದ ಮಾಳಮಡ್ಡಿಗೆ ಬಂದಿದ್ದರು.

“ತವರಮನಿಗೆ ಹೋಗ್ಯಾಳ್ರಿ,” ಅಂದರು ಹುಡುಗಿಯ ತಂದೆ ಯಜ್ಞೇಶ್ವರರಾಯರು.

ಮಂದಾಕಿನಿ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಅವ್ವ ಹಿಂದಿನ ಕೋಣೆಯಲ್ಲೇ ಗೋಡೆಗೆ ಮುಖ ಮಾಡಿ ಮಲಗಿದ್ದಳು. ದೀಪಾವಳಿಯಿಂದ ಮಾತಿಲ್ಲ, ತಲೆ ಬಾಚಿಕೊಂಡಿಲ್ಲ. ಅಜ್ಜಿಗೂ ಹೀಗೇ ಆಗುತ್ತಿತ್ತಂತೆ. ದಿನಾ ಬೆಳಗಾದರೆ ಮಂದಾಕಿನಿ ಹಾಸಿಗೆಯಲ್ಲೇ ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತಿದ್ದಳು: ಕಾಫಿಯ ವಾಸನೆ ಬೇಕೆನ್ನಿಸುತ್ತಿದೆಯೋ, ಇಲ್ಲವೋ?

“ಸುಳ್ಳ್ಯಾಕ ಹೇಳ್ತೀರಿ, ರಾಯರ.” ಗೋದಾಬಾಯಿ ದನಿ ಏರಿಸಲಿಲ್ಲ. “ಓಣಿಯೊಳಗ ಕೇಳಿಕೊಂಡೇ ಬಂದೇವಿ. ಹುಡುಗಿ ಛಲೋ ಇದ್ದಾಳ, ಖರೇ. ಆದ್ರ ತಾಯಿಗಿದ್ದದ್ದು ಮಗಳಿಗೆ ಬರ್ತದ. ಗೊತ್ತಿದ್ದೂ ಗೊತ್ತಿದ್ದೂ ಮನಿಗೆ ಹುಚ್ಚು ತಂದುಕೋಬೇಕೇನು?”

“ಗಂಡಿನ ಕಡಿಂದ ಏನೂ ಬರಂಗಿಲ್ಲೇನ್ರಿ?” ಅಪ್ಪ ಕೇಳಿದರು.

“ನಮ್ಮಲ್ಲಿ ಕೇಳಿ ನೋಡ್ರಿ, ಬೇಕಾದ್ರ.” ಗೋದಾಬಾಯಿ ನಕ್ಕರು. “ಅಂಥಾದ್ದೇನೂ ಇಲ್ಲ. ನಮ್ಮ ಮಾವನವರದು ದೊಡ್ಡ ವೈರಾಗ್ಯ. ವರ್ಷಾ ಎರಡು ತಿಂಗಳು ಮೌನವ್ರತ. ದೇವರ ಮನ್ಯಾಗ ಕೂತರಂದ್ರ ಊಟ ಇಲ್ಲ, ನಿದ್ದಿ ಇಲ್ಲ. ಕಡೀಕ ಸಂನ್ಯಾಸ ಅಂತ ಮನಿ ಬಿಟ್ಟವರು ಹೊಳ್ಳಿ ಬರಲಿಲ್ಲ. ನಮ್ಮ ಹುಡುಗನ ಕಾಕಾನೂ ಹಂಗ. ಈಗ ಇವನೂ ಆ ವ್ರತ ಹಿಡದಾನ. ಹೋದ ಮಾಘಮಾಸದಾಗ ಒಂದು ಮಾತಾಡಿದ್ದರ ಕೇಳ್ರಿ. ಅದಕ್ಕೂ ಪುಣ್ಯ ಬೇಕು.”

ಮಂದಾಕಿನಿ ಮೊದಲ ಸಲ ತಲೆಯೆತ್ತಿ ಹುಡುಗನನ್ನು ನೋಡಿದಳು. ಕರಿ ಕೋಟು ತೊಟ್ಟ ಬಿಂದುಮಾಧವ ಅವಳನ್ನು ನೋಡುತ್ತಿರಲಿಲ್ಲ. ಅವನ ಕಣ್ಣು ಹಿಂದಿನ ಕೋಣೆಯ ಮುಚ್ಚಿದ ಬಾಗಿಲಿನ ಮೇಲಿತ್ತು. ಒಂದು ಕೈಯ ಬೆರಳುಗಳನ್ನು ಇನ್ನೊಂದು ಕೈ ಗಟ್ಟಿಯಾಗಿ ಹಿಡಿದುಕೊಂಡಿತ್ತು.

“ಹುಡುಗಗ ಏನರ ಕೇಳೂದಿತ್ತಂದ್ರ…” ಅಪ್ಪ ಸೋತವರಂತೆ ಅಂದರು.

“ಅವಂದೇನದ ಕೇಳೂದು?” ಗೋದಾಬಾಯಿ ಸೆರಗು ಸರಿಮಾಡಿಕೊಂಡು ಎದ್ದರು. “ಟಾಂಗಾದವ ಕಾಯಲಿಕ್ಕೆ ಹತ್ಯಾನ. ನಡಿಯೋ ಬಿಂದೂ.”

ತಾಯಿ ಪಡಸಾಲೆ ದಾಟಿ ಚಪ್ಪಲಿ ಮೆಟ್ಟುವವರೆಗೂ ಅವನು ಕೂತೇ ಇದ್ದ. ಆಮೇಲೆ ಮಂದಾಕಿನಿಯ ಕಡೆ ಬಾಗಿ, ಯಾರಿಗೂ ಕೇಳಿಸದ ಹಾಗೆ ಅಂದ:

“ನಿಮ್ಮ ಅವ್ವಾರು… ಹಿಂಗಾದಾಗ, ಮತ್ತ ಹೆಂಗ ಏಳ್ತಾರ?”