ಬಾಗಿಲಲ್ಲಿ ನಿಂತ ನೀರು

"ನೀರು ಇನ್ನೂ ಬಿಡ್ಲಾ, ಸಾಕಾ?" ಪೈಪು ಹಿಡಿದು ಕಾರಿಗೆ ನೀರೆರಚುತ್ತಿದ್ದ ಹೆಂಡತಿ ಕೇಳಿದಳು. ನೀರು ಎಲ್ಲಿಂದ ಸೋರುತ್ತಿದೆ ಎಂದು ನೋಡಲು ಮೂವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರಿನೊಳಗೆ ಮುದುಡಿ ಕೂತಿದ್ದವನ ಕಾಲಡಿಯ ಕಾರ್ಪೆಟ್ಟು ಆಗಲೇ ಪಚಪಚ ಎನ್ನುತ್ತಿತ್ತು. ನಾಲ್ಕನೆಯ ಸಲ! "ನಿಮ್ಮಣ್ಣ ಬಾಗಿಲಿಗೆ ಹಾಕಿದ ರಬ್ಬರ್ ಕಣೇ ಇದು! ಕೆಲಸ ಬರಲ್ಲ ಅಂದ್ರೆ ಬರಲ್ಲ ಅನ್ಬೇಕಪ್ಪ."

"ಅದನ್ನೇ ಅವನ ಮುಖಕ್ಕೆ ಹೊಡೆದ ಹಾಗೆ ಅಂದ್ರಲ್ಲ. ಎರಡು ತಿಂಗಳಾಯ್ತು, ಅಣ್ಣ ಈ ಕಡೆ ತಲೆ ಹಾಕಿ ಕೂಡ ಮಲಗಿಲ್ಲ."

ಅವನು ಸಿಟ್ಟಿನಿಂದ ಬಾಗಿಲು ತಳ್ಳಿ ಇಳಿದ. ಬಾಗಿಲೊಳಗೆ ಕೊಡ ತುಳುಕಿದ ಹಾಗೆ ಸದ್ದಾಯಿತು. ಮತ್ತೆ ಅಲ್ಲಾಡಿಸಿದ, ಮತ್ತೆ ಗುಳುಗುಳು. ಬಗ್ಗಿ ನೋಡಿದರೆ ಬಾಗಿಲ ತಳದಲ್ಲಿ ಸಾಲಾಗಿ ಮೂರು ಕಡೆ ಪುಟ್ಟಿ. ತುಕ್ಕು ತಿಂದ ತೂತುಗಳೆಂದು ಬಣ್ಣ ಹೊಡೆಯುವ ಮುಂಚೆ ತಾನೇ ಮೆತ್ತಿದ್ದು. ಒಂದಕ್ಕೆ ಸ್ಕ್ರೂಡ್ರೈವರ್ ಚುಚ್ಚಿದ. ಗಾಜಿನ ಸಂದಿಯಿಂದ ಇಳಿದು, ಹೊರಗೆ ಹೋಗಲು ದಾರಿಯಿಲ್ಲದೆ ನಿಂತು ಕಾರಿನೊಳಕ್ಕೆ ಉಕ್ಕುತ್ತಿದ್ದ ನೀರೆಲ್ಲ ಅವನ ಪಾದದ ಮೇಲೆ ಸುರಿಯಿತು.

"ನೀರು ಹೋಗೋಕೆ ಬಿಟ್ಟ ತೂತಲ್ವೇನ್ರೀ ಅದು? ಯಾರು ಮುಚ್ಚಿದ್ದು?" ಹೆಂಡತಿ ನಲ್ಲಿ ನಿಲ್ಲಿಸಿ ಬಂದು, ಅಣ್ಣನಿಗೆ ಫೋನು ಹಚ್ಚಿ, ಗಂಡನ ಒದ್ದೆ ಕೈಗೆ ತುರುಕಿದಳು. "ಭಾವ, ನಾನು..." ಎಂದ.

"ತೂತು ಸಿಕ್ತು ಅನ್ಸುತ್ತೆ," ಎಂದಿತು ಆ ಕಡೆಯ ದನಿ. "ಅವತ್ತು ಅದನ್ನೇ ಹೇಳೋಕೆ ಬಂದೆ. ಬಾಯಿ ಬಿಡೋಕೆ ಬಿಟ್ರಾ ನೀವು?"