ಬೀದಿಯಲ್ಲಿ ಉಳಿದಿದ್ದ ಒಂದೇ ದನಿ

ಒಂದು ಬೀದಿಯಲ್ಲಿ ಒಂದು ದನಿಗೆ ಒಂದೇ ಗಂಟಲು. ಇಬ್ಬರು ಒಂದೇ ದನಿಗೆ ಬಾಯಿ ಹಾಕಿದರೆ ಸೋತವರ ಗಂಟಲು ಒಣಗುವುದು ಊರಿಗೆಲ್ಲ ಗೊತ್ತಿದ್ದದ್ದೇ. ಅಳಿಲು ವಿಷಲ್ ದನಿ ಗೆದ್ದುಕೊಂಡ ಮೇಲೆ ಕಂಬದ ಬೀದಿಯ ಕುಕ್ಕರುಗಳೆಲ್ಲ ಬಾಯಿಮುಚ್ಚಿಕೊಂಡೇ ಬೇಯಿಸುತ್ತಿದ್ದವು.

ಈಗ ಸೊಪ್ಪಿನ ಪುಟ್ಟಗೌರಮ್ಮನ ಸರದಿ.

"ಸೊಪ್ಪೋ... ದಂಟೂ, ಮೆಂತ್ಯಾ, ಸಬ್ಬಸಿಗೇ..."

ಕೂಗಿದ್ದು ಅವಳಲ್ಲ, ತಂತಿಯ ಮೇಲಿನ ಗೊರವಂಕ. ಬುಟ್ಟಿ ಹೊತ್ತ ಪುಟ್ಟಗೌರಮ್ಮ ಬಾಯಿ ತೆರೆದರೆ ಪಿಸುಮಾತಷ್ಟೇ ಹೊರಟಿತು.

"ಏನೇ, ಹಕ್ಕಿಗೇ ಹಕ್ಕು ಬಿಟ್ಕೊಟ್ಬಿಟ್ಯಾ?" ಎಂದು ಜಗಲಿಯಿಂದ ನಾಗರತ್ನಮ್ಮ ಚುಡಾಯಿಸಿದರು.

"ನಗ್ಬೇಡಿ ಅಮ್ಮಾರೇ. ಯಾಪಾರ ನಿಂತೋದ್ರೆ ನಮ್ಮನೆ ಒಲೆ ಹತ್ತಲ್ಲ."

"ಬೇರೆ ದನಿ ಹಿಡಿ."

"ಸಣ್ಣ ದನಿ ಹೂವಿನ ಸಾಕಮ್ಮಂದು, ದಪ್ಪದ್ದು ಸಾಣೆ ಹಿಡಿಯೋ ಬಾಷಾಂದು. ಸಂಜೆಗೆ ಕಪ್ಪೆ, ಕತ್ಲಾದ್ರೆ ಜೀರುಂಡೆ. ನಂಗೆಲ್ಲೈತೆ ಜಾಗ?"

ನಾಗರತ್ನಮ್ಮ ಕೆನ್ನೆ ತುರಿಸಿಕೊಂಡರು. "ಮಡಿವಾಳರ ಕತ್ತೆ ಬೇರೆ ಊರಿಗೆ ಹೋಯ್ತಲ್ಲ, ಅದರದ್ದು ಖಾಲಿ ಇದೆ ನೋಡು."

ಪುಟ್ಟಗೌರಮ್ಮ ಸೆರಗಿನಿಂದ ಬೆವರೊರೆಸಿ, ಆಚೀಚೆ ನೋಡಿ, ಕಣ್ಣು ಮುಚ್ಚಿ ಕೂಗಿದಳು: "ಹೀ... ಹ್ಞಾಂ... ಸೊಪ್ಪು! ಹೀ... ಹ್ಞಾಂ... ದಂಟು!"

ಕಿಟಕಿಗಳು ತೆರೆದುಕೊಂಡವು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು; ಆದರೆ ದನಿ ಗಟ್ಟಿಯಾಗಿ ಹೊರಟಿತ್ತು, ಬುಟ್ಟಿಯೂ ಹಗುರಾಗತೊಡಗಿತು.

ಮತ್ತೆ ಕೂಗಲೆಂದು ತಲೆಯೆತ್ತಿದಳು. ತಂತಿಯ ಮೇಲೆ ಗೊರವಂಕ ಸುಮ್ಮನಾಗಿತ್ತು. ಕತ್ತು ವಾಲಿಸಿ, ಕೊಕ್ಕು ಅರ್ಧ ತೆರೆದು, ಅವಳನ್ನೇ ಗಮನವಿಟ್ಟು ಕೇಳುತ್ತಿತ್ತು.